ನಮ್ಮ ಮೊದಲ ನೃತ್ಯಕ್ಕೆ ಜೊತೆಯಾದವರಿಗೆ

ಮದುವೆ ಮುಗಿದು, ಆ ಹೊತ್ತಿಗೆ ಆಸ್ಪತ್ರೆ ಸೇರಿದ್ದ ಅಪ್ಪ ತೀರ್ಥಹಳ್ಳಿಯ ಮನೆಗೆ ಮರಳಿ, ಈಗ ಯಾರ ಆಸರೆಯೂ ಇಲ್ಲದೆ ಅಂಗಳದಲ್ಲಿ ನಡೆದಾಡುವಷ್ಟು ಚೇತರಿಸಿಕೊಂಡಿದ್ದಾರೆ. ಆ ದಿನಗಳಲ್ಲಿ ನಡೆದದ್ದು ನಿಮಗೆಲ್ಲ ತಿಳಿದೇ ಇದೆ. ಹೇಳಲು ಉಳಿದಿರುವುದು ಕೃತಜ್ಞತೆಯೊಂದೇ.

ನನ್ನ ಗಂಡನ ಮನೆಯವರಂಥ ಮಂಗಳೂರಿನ ಕ್ರೈಸ್ತ ಕುಟುಂಬಗಳ ಆರತಕ್ಷತೆಯಲ್ಲಿ ವಧೂವರರು ಮೊದಲು ನರ್ತಿಸಿದ ಮೇಲೆ ಉಳಿದವರು ಜೊತೆಗೂಡುವುದು ವಾಡಿಕೆ. ನಮ್ಮ ಕಡೆಯ ಮದುವೆಗಳಲ್ಲಿ ಅಂಥ ಪದ್ಧತಿ ಇಲ್ಲ. ಬಾಲ್ಯದಲ್ಲಿ ಭರತನಾಟ್ಯ ಕಲಿತವಳೆಂಬ ಕಾರಣಕ್ಕೆ, ಮೂರು ಎಣಿಕೆಯ ಜೋಡಿ ನೃತ್ಯವಾದ ವಾಲ್ಟ್ಜ್ ನನಗೆ ಸುಲಭವೆಂದು ಎಲ್ಲರೂ ನಂಬಿದ್ದರು. ಆದರೆ ಅರೆಮಂಡಿಯಲ್ಲಿ ಮೊಣಕಾಲುಗಳನ್ನು ಹೊರಕ್ಕೆ ತಿರುಗಿಸಿ ಕುಳಿತು, ತಟ್ಟಡವಿನಲ್ಲಿ ಇಡೀ ಪಾದದಿಂದ ನೆಲವನ್ನು ತಟ್ಟಲು ಪಳಗಿದ ದೇಹಕ್ಕೆ, ನೆಲವನ್ನು ಸವರಿಕೊಂಡು ಜಾರುವ ಹೆಜ್ಜೆ, ಎರಡನೆಯ ಎಣಿಕೆಗೆ ಮೇಲೇಳುತ್ತ ಮೂರರ ಕೊನೆಗೆ ಇಳಿಯುವ ನಿಲುವು, ಎಲ್ಲವೂ ಹೊಸದು. ಅದಕ್ಕಿಂತ ಕಷ್ಟವೆಂದರೆ, ವಧು ತನ್ನ ಮೊದಲ ಹೆಜ್ಜೆಯನ್ನೇ ಹಿಂದಕ್ಕೆ, ಕಣ್ಣಿಗೆ ಕಾಣದ ಕಡೆಗೆ ಇಡಬೇಕು.

ಇದನ್ನು ಕಲಿಸಿದವರು ನನ್ನ ಅತ್ತೆಯವರ ತಂಗಿ, ನಾವೆಲ್ಲರೂ ಮಾವ್ಶಿ ಎಂದೇ ಕರೆಯುವವರು. ತಮ್ಮ ಮನೆಯ ಕುರ್ಚಿಗಳನ್ನೆಲ್ಲ ಗೋಡೆಗೆ ಸರಿಸಿ, ಸಂಜೆಯ ಹೊತ್ತು ನಮ್ಮಿಬ್ಬರನ್ನೂ ನಿಲ್ಲಿಸಿಕೊಂಡು, ಅವನ ಬಲಗೈ ನನ್ನ ಎಡ ಹೆಗಲಮೂಳೆಯ ಮೇಲೆ ಸರಿಯಾಗಿ ಕೂರುವವರೆಗೆ ಅವರು ಹಾಡನ್ನೇ ಹಾಕುತ್ತಿರಲಿಲ್ಲ. ನಾನು ಒಳಗೊಳಗೇ ತಿಶ್ರದ, ಅಂದರೆ ಮೂರು ಎಣಿಕೆಯ ನಡೆಯ, ‘ತಕಿಟ, ತಕಿಟ’ ಎಂದು ಲೆಕ್ಕ ಹಾಕುವುದು ಅವರಿಗೆ ಕೇಳಿಸಿದ ದಿನದಿಂದ ತಮ್ಮ ಎಣಿಕೆಯನ್ನು ಬಿಟ್ಟು ನನ್ನದನ್ನೇ ಹಿಡಿದರು. ಮೂರು ಬೆಸಸಂಖ್ಯೆಯಾದ್ದರಿಂದ ಪ್ರತಿ ‘ತ’ಕಾರಕ್ಕೂ ಕಾಲು ಬದಲಾಗುತ್ತದೆ, ಒಮ್ಮೆ ಬಲ, ಮರುಸಲ ಎಡ. ಇದನ್ನು ಅವರು ತೋರಿಸಿಕೊಟ್ಟ ಮೇಲೆ ನಾನು ಪಾದಗಳನ್ನು ನೋಡಿಕೊಳ್ಳುವುದನ್ನು ನಿಲ್ಲಿಸಿದೆ. ನಿಮಿಷಕ್ಕೆ ಸುಮಾರು 90 ಎಣಿಕೆಗಳ ನಿಧಾನದ ವಾಲ್ಟ್ಜ್ ಕೂಡ ಆರಂಭದಲ್ಲಿ ನನಗೆ ಓಟದಂತೆ ಕಂಡಿತ್ತು. ಆ ವೇಗಕ್ಕೆ ತಲುಪುವವರೆಗೆ ಅವರು ಚಪ್ಪಾಳೆಯಲ್ಲೇ ನಡೆಸಿದರು.

ಮದುವೆಯ ಹಿಂದಿನ ಸಂಜೆ ವರನ ಮನೆಯಲ್ಲಿ ರೋಸ್ ಎಂಬ, ತೆಂಗಿನ ಹಾಲು ಹಚ್ಚುವ ಶಾಸ್ತ್ರ ಇತ್ತು. ಆಗ ವೋವಿಯೊ ಎಂಬ ಕೊಂಕಣಿ ಮದುವೆ ಹಾಡುಗಳನ್ನು ಹಾಡಲು ಆ ಮನೆಯಲ್ಲಿ ಮುಂದಾಗಬೇಕಾದವರೇ ಮಾವ್ಶಿ. ಆದರೆ ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದ ಸುದ್ದಿ ಕೇಳಿದವರೇ, ಹಾಡನ್ನು ಬೇರೆಯವರಿಗೆ ಒಪ್ಪಿಸಿ, ಉಟ್ಟ ಸೀರೆಯಲ್ಲೇ ಹೊರಟುಬಂದರು. ಅಪ್ಪ ಒಳಗೆ ಹಾಗೆ ಮಲಗಿರುವಾಗ ಹೊರಗೆ ನಾನು ಕುಣಿಯುವುದೆಂದರೇನು ಎಂದು ಅತ್ತುಬಿಟ್ಟೆ. ಯಾರು ಸಮಾಧಾನ ಹೇಳಿದರೂ ಸಿಟ್ಟು ಬರುತ್ತಿತ್ತು. ಅಪ್ಪ ಇಲ್ಲದ ಮದುವೆಯೇ ಬೇಡವೆಂದೂ ಅಂದೆ. ಮಾವ್ಶಿ ಎಲ್ಲವೂ ಸರಿಹೋಗುತ್ತದೆ ಎನ್ನಲಿಲ್ಲ. ಅಮ್ಮನಿಗೆ ಚಹಾ ತಂದುಕೊಟ್ಟರು, ವೈದ್ಯರು ಬಂದಾಗಲೆಲ್ಲ ಎದ್ದುಹೋಗಿ ಕೇಳಿಕೊಂಡು ಬಂದರು, ಮತ್ತು ನನಗೆ ಇಷ್ಟೇ ಹೇಳಿದರು: “ನಾಳೆ ಡ್ಯಾನ್ಸ್ ಬೇಕಾ ಬೇಡವಾ ಅಂತ ಬೆಳಿಗ್ಗೆ ನೋಡುವ. ಬೇಡ ಅಂತಾದರೆ ಬ್ಯಾಂಡಿನವರಿಗೆ ನಾನೇ ಹೇಳುತ್ತೇನೆ. ಈಗ ಸ್ವಲ್ಪ ಮಲಗು.” ನಿರ್ಧಾರದ ಭಾರವನ್ನು ಆ ಒಂದು ರಾತ್ರಿಯ ಮಟ್ಟಿಗೆ ಇನ್ನೊಬ್ಬರು ಹೊರುತ್ತಾರೆಂದು ತಿಳಿದ ಮೇಲೆ ನನಗೆ ನಿಜವಾಗಿಯೂ ನಿದ್ದೆ ಬಂತು. ಅವರು ಮಾತ್ರ ಬೆಳಗಾಗುವವರೆಗೂ ಎಚ್ಚರವಾಗಿದ್ದರೆಂದು ಆಮೇಲೆ ಅಮ್ಮನಿಂದ ತಿಳಿಯಿತು.

ಬೆಳಿಗ್ಗೆ ಅಪ್ಪನ ಸ್ಥಿತಿ ಸುಧಾರಿಸಿತ್ತು, ಮಾತನಾಡಿದರು, ಮದುವೆಯನ್ನು ಮುಂದೂಡಕೂಡದೆಂದರು. ಸಂಜೆ ನಾವು ನರ್ತಿಸಿದೆವು. ಹೆಜ್ಜೆಗಳು ಹೇಗಿದ್ದವೆಂದು ನೋಡಿದವರು ಹೇಳಬೇಕು. ಮೊದಲ ಹಿಂದಡಿ ಇಡುವಾಗ ನನಗೆ ಭಯವಾಗಲಿಲ್ಲ ಎಂಬುದನ್ನು ಮಾತ್ರ ನಾನು ಹೇಳಬಲ್ಲೆ.

ಆಸ್ಪತ್ರೆಯ ವೈದ್ಯರು ಮತ್ತು ದಾದಿಯರು, ಆಗುಂಬೆ ಘಾಟಿಯಲ್ಲಿ ಮಳೆಯ ನಡುವೆ ನೆಂಟರನ್ನು ಜೋಪಾನವಾಗಿ ಕರೆತಂದ ಚಾಲಕರು, ಆರತಕ್ಷತೆಯ ವೇಳೆ ಅಪ್ಪನ ಬಳಿ ಕುಳಿತಿದ್ದ ಚಿಕ್ಕಪ್ಪ, ಹಾಡಿನ ವೇಗವನ್ನು ನಮಗಾಗಿ ತಗ್ಗಿಸಿದ ಬ್ಯಾಂಡಿನವರು, ಎಲ್ಲರಿಗೂ ಮನಃಪೂರ್ವಕ ವಂದನೆಗಳು.

ಮಳೆಗಾಲ ಕಳೆದ ಮೇಲೆ ತೀರ್ಥಹಳ್ಳಿಯ ಮನೆಯಲ್ಲಿ ಊಟವಿಟ್ಟುಕೊಳ್ಳಬೇಕೆಂದು ಅಪ್ಪ ಹೇಳಿದ್ದಾರೆ. ನೀವೆಲ್ಲರೂ ಬರಬೇಕು. ಮಾವ್ಶಿ, ನೀವು ಎರಡು ದಿನ ಮೊದಲೇ ಬನ್ನಿ. ಅಪ್ಪನಿಗೆ ನಿಮ್ಮ ಬಳಿ ಕುಳಿತು ಮಾತನಾಡುವುದಿದೆಯಂತೆ, ಅಮ್ಮನಿಗೆ ವೋವಿಯೊ ಕೇಳಬೇಕಂತೆ.