ಹುಳುಮನೆಯ ಹೊರಗೆ ಸೇದಿದ ಬೀಡಿ

ಶಿಡ್ಲಘಟ್ಟ

ಪ್ರೀತಿಯ ಮಗಳೇ,

ಮಗು ಬೇಕು ಅಂತ ನೀವಿಬ್ಬರೂ ಹೋದಾಗ ಡಾಕ್ಟರು ನಿನಗೆ ಫೋಲಿಕ್ ಆಸಿಡ್ ಮಾತ್ರೆ ಬರೆದುಕೊಟ್ಟು, ಏನು ತಿನ್ನಬೇಕು, ಏನು ಬಿಡಬೇಕು ಅಂತ ಅರ್ಧ ಗಂಟೆ ಹೇಳಿದರಂತೆ. ಪಕ್ಕದಲ್ಲೇ ಕೂತಿದ್ದ ಅಳಿಯಂದಿರಿಗೆ ಒಂದು ಮಾತೂ ಇಲ್ಲವಂತೆ. ನಿಮ್ಮಮ್ಮ ಹೇಳಿದಳು. ಇದನ್ನೆಲ್ಲ ಫೋನಿನಲ್ಲಿ ಮಾತಾಡೋಕೆ ನನಗೆ ಬಾಯಿ ಬರಲ್ಲ, ಅದಕ್ಕೇ ಈ ಕಾಗದ.

ರೇಷ್ಮೆಹುಳುವಿನ ಮೊಟ್ಟೆ ತಯಾರಿಸೋ ಬಿತ್ತನೆ ಕೋಠಿಯಲ್ಲಿ ಇಪ್ಪತ್ತು ವರ್ಷ ನಾನು ಮಾಡಿದ ಕೆಲಸ ನಿನಗೆ ಗೊತ್ತು. ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಅರೆದು, ಒಂದು ತೊಟ್ಟು ಗಾಜಿನ ಮೇಲೆ ಹಾಕಿ, ಸೂಕ್ಷ್ಮದರ್ಶಕದಲ್ಲಿ ಹುಳುವನ್ನು ಕೊಲ್ಲೋ ಗಂಟುರೋಗದ (ಪೆಬ್ರಿನ್) ಕಣ ಇದೆಯಾ ಅಂತ ನೋಡೋದು. ಕಂಡರೆ ಆ ಮೊಟ್ಟೆಯನ್ನೆಲ್ಲ ನಾಶ ಮಾಡಬೇಕು. ಗಂಡು ಚಿಟ್ಟೆಯನ್ನು ಕೇಳುವವರೇ ಇರಲಿಲ್ಲ. ಕೂಡಿಸಿ, ಬಿಡಿಸಿ, ಫ್ರಿಜ್ಜಿನಲ್ಲಿಟ್ಟು, ಇನ್ನೊಂದು ಹೆಣ್ಣಿಗೆ ಬಿಟ್ಟು, ಆಮೇಲೆ ಎಸೆಯೋದು. ಗಂಟುರೋಗದ ಮಟ್ಟಿಗೆ ಅದು ಸರಿಯೇ. ಆ ರೋಗ ಮೊಟ್ಟೆಗೆ ದಾಟೋದು ತಾಯಿಯಿಂದ. ಮನುಷ್ಯರಿಗೂ ಅದೇ ಲೆಕ್ಕ ಅಂದುಕೊಂಡು ಕೂತಿದ್ದೆ ನಾನು.

ನೀನು ಹುಟ್ಟುವ ಮುಂಚೆ ದಿನಕ್ಕೊಂದು ಕಟ್ಟು ಬೀಡಿ ಸೇದುತ್ತಿದ್ದೆ. ಗೂಡು ಮಾರಿ ದುಡ್ಡು ಕೈಗೆ ಬಂದ ದಿನ ಕುಡಿತ. ಆದರೆ ಹುಳುಮನೆಯೊಳಗೆ ಒಂದು ದಿನವೂ ಕಡ್ಡಿ ಗೀರಿದವನಲ್ಲ. ರೇಷ್ಮೆಹುಳುವಿಗೆ ಹೊಗೆಸೊಪ್ಪು ಅಂದರೆ ವಿಷ, ಹಿಪ್ಪುನೇರಳೆ ತೋಟದ ಪಕ್ಕ ಹೊಗೆಸೊಪ್ಪು ಬೆಳೆದರೂ ಹುಳು ತಲೆಯೆತ್ತಿ ಒದ್ದಾಡಿ ಸಾಯುತ್ತೆ. ನಿಮ್ಮಜ್ಜಿ ಬಾಗಿಲಲ್ಲೇ ನಿಂತು "ಕೈ ಇಲ್ಲಿ ಕೊಡು" ಅಂತ ನನ್ನ ಬೆರಳು ಮೂಸಿ ನೋಡುತ್ತಿದ್ದಳು. ವಾಸನೆ ಇದ್ದರೆ ಸೋಪು ಹಾಕಿ ತೊಳೆದು ಬಾ ಅಂತ ವಾಪಸ್ಸು. ಹುಳುವಿಗೆ ಅಷ್ಟು ಮಡಿ. ನಿಮ್ಮಮ್ಮನಿಗೂ ಒಂದು ಪಟ್ಟಿ ಇತ್ತು, ಪರಂಗಿ ತಿನ್ನಬೇಡ, ಭಾರ ಎತ್ತಬೇಡ ಅಂತ. ನನ್ನ ಬೆರಳನ್ನು ನಿನ್ನ ಸಲುವಾಗಿ ಯಾರೂ ಮೂಸಲಿಲ್ಲ.

ಹೋದ ವರ್ಷ, ಇಪ್ಪತ್ತೆಂಟಕ್ಕೇ ನಿನಗೆ ಶುಗರ್ ಬಾರ್ಡರ್‌ನಲ್ಲಿದೆ ಅಂದರಲ್ಲ, ಅವತ್ತಿಂದ ಈ ವಿಷಯ ಓದುತ್ತಿದ್ದೇನೆ. 2010ರಲ್ಲಿ ಆಸ್ಟ್ರೇಲಿಯಾದಲ್ಲಿ ಗಂಡು ಇಲಿಗಳಿಗೆ ಕೊಬ್ಬಿನ ಮೇವು ಹಾಕಿ ದಪ್ಪ ಮಾಡಿ, ಮಾಮೂಲಿ ಮೇವು ತಿಂದ ಹೆಣ್ಣಿಲಿಗಳ ಜೊತೆ ಬಿಟ್ಟರು. ಹುಟ್ಟಿದ ಹೆಣ್ಣುಮರಿಗಳಲ್ಲಿ ಇನ್ಸುಲಿನ್ ಸರಿಯಾಗಿ ಸುರಿಯಲಿಲ್ಲ. ಹೆಣ್ಣುಮರಿ ಅನ್ನೋದನ್ನು ಎರಡು ಸಲ ಓದಿದೆ. ಅಪ್ಪನಿಂದ ಬರೋ ಡಿಎನ್‌ಎಯ ಅಕ್ಷರಗಳು ಹಾಗೇ ಇದ್ದರೂ, ಯಾವ ಜೀನು ಎಷ್ಟು ಕೆಲಸ ಮಾಡಬೇಕು ಅನ್ನೋ ಗುರುತುಗಳು ಅವನ ಊಟ, ಹೊಗೆ, ಕುಡಿತದಿಂದ ಬದಲಾಗಬಹುದಂತೆ. ಹೊಗೆಯಂತೂ ವೀರ್ಯಾಣುವಿನ ಡಿಎನ್‌ಎಯನ್ನೇ ಕೆಡಿಸುತ್ತೆ. ಇಲಿ ಇಲಿಯೇ, ನೀನು ನೀನೇ. ನಿಮ್ಮ ತಾತನಿಗೂ ಶುಗರ್ ಇತ್ತು, ನೀನು ಆಫೀಸಿನಲ್ಲಿ ಹತ್ತು ಗಂಟೆ ಕೂತೇ ಇರುತ್ತೀಯ. ಎಲ್ಲ ನನ್ನ ಬೀಡಿಯ ಲೆಕ್ಕಕ್ಕೆ ಬರೆಯೋಕಾಗಲ್ಲ. ಆದರೂ ನನ್ನ ಪಾಲು ಸೊನ್ನೆ ಅಂತ ಹೇಳೋ ಧೈರ್ಯ ನನಗಿಲ್ಲ ಕಣಮ್ಮ.

ಈಗ ಅಳಿಯಂದಿರ ವಿಷಯ. ಹೆಂಗಸರ ಅಂಡಾಣು ಹುಟ್ಟುವಾಗಲೇ ಜೊತೆಗೆ ಬಂದಿರುತ್ತೆ. ಗಂಡಸರದು ಹಾಗಲ್ಲ, ಹೊಸದಾಗಿ ತಯಾರಾಗುತ್ತಲೇ ಇರುತ್ತೆ, ಒಂದು ಕಂತು ಪಕ್ವವಾಗಿ ಹೊರಬರೋಕೆ ಎರಡೂವರೆಯಿಂದ ಮೂರು ತಿಂಗಳು. ನಮ್ಮ ಲೆಕ್ಕದಲ್ಲಿ ಮೂರು ಬೆಳೆ. ಒಂದು ಬೆಳೆ ಕೆಟ್ಟರೆ ಮನೆ ತೊಳೆದು, ಬ್ಲೀಚಿಂಗ್ ಹೊಡೆದು, ಮುಂದಿನ ಚಾಕಿ, ಅಂದರೆ ಮರಿಹುಳು, ತರಲ್ಲವಾ? ಅವರು ಇವತ್ತು ಸಿಗರೇಟು ಬಿಟ್ಟರೆ ಮೂರು ತಿಂಗಳಿಗೆ ಬೇರೆ ಬೆಳೆ. ಶನಿವಾರದ ಪಾರ್ಟಿಗೂ ಅಷ್ಟು ದಿನ ರಜೆ ಕೊಡಲಿ. ಇನ್ನೊಂದು, ಹೇಳೋಕೆ ಸಂಕೋಚ: ಲ್ಯಾಪ್‌ಟಾಪು ತೊಡೆ ಮೇಲಿಟ್ಟುಕೊಂಡು ಕೆಲಸ ಮಾಡೋದು ಬೇಡ. ಆ ಜಾಗ ಮೈಶಾಖಕ್ಕಿಂತ ಎರಡು ಮೂರು ಡಿಗ್ರಿ ತಣ್ಣಗಿರಬೇಕು. ಹುಳುಮನೆಗೆ ಥರ್ಮಾಮೀಟರ್ ನೇತುಹಾಕೋ ಮನೆಯ ಅಳಿಯ, ಅರ್ಥವಾಗುತ್ತೆ.

ಈ ಕಾಗದ ಅವರಿಗೇ ಕೊಡು. ಮಾವ ಬರೆದದ್ದು ಅಂತ ಬೇಜಾರಾದರೆ ನಾನೇ ಮಾತಾಡುತ್ತೇನೆ. ಹಬ್ಬಕ್ಕೆ ಬಂದಾಗ ಹುಳುಮನೆ ತೋರಿಸಿ ಅಂತ ಪ್ರತಿ ಸಲ ಕೇಳುತ್ತಾರೆ. ಈ ಸಲವೂ ಬಾಗಿಲಲ್ಲಿ ಅಜ್ಜಿ ಕೂತಿರುತ್ತಾಳೆ. ಕಣ್ಣು ಮಂಜಾಗಿದೆ, ಮೂಗು ಇನ್ನೂ ಚುರುಕು.

ನಾಳೆ ಹುಳು ಮೂರನೇ ಜ್ವರ ಮುಗಿಸಿ, ಪೊರೆ ಕಳಚಿ ಏಳುತ್ತೆ, ಬೆಳಗ್ಗೆ ಸೊಪ್ಪು ಕೊಯ್ಯಬೇಕು. ಮಾತ್ರೆ ಮರೆಯಬೇಡ.

ನಿನ್ನ ಅಪ್ಪ