ಅಟ್ಟದಿಂದ ಇಳಿದ ಸೀಟು

ಲೆಸ್ಟರ್, ಇಂಗ್ಲೆಂಡ್, ಭಾನುವಾರ ರಾತ್ರಿ

ತೀರ್ಥರೂಪು ಅಪ್ಪನವರಿಗೆ ನಮಸ್ಕಾರಗಳು.

ನಾವಿಲ್ಲಿ ಕ್ಷೇಮ. ದಸರಾಕ್ಕೆ ಬರೋದು ಖಂಡಿತ. ಅಮ್ಮ ಫೋನಿನಲ್ಲಿ ಎಲ್ಲ ಹೇಳಿದಳು. ಪುಟ್ಟಿಯನ್ನು ಅಂಬಾಸಿಡರ್‌ನಲ್ಲಿ ಕೂರಿಸಿಕೊಂಡು ದೀಪಾಲಂಕಾರ ತೋರಿಸುತ್ತೀರಂತೆ. ಅಕ್ಕ 2006ರಲ್ಲಿ ಅಮೆರಿಕದಿಂದ ತಂದಿದ್ದ ಮಗುವಿನ ಸೀಟನ್ನೂ ಅಟ್ಟದಿಂದ ಇಳಿಸಿ ತೊಳೆದಿಟ್ಟಿದ್ದೀರಂತೆ. ಅದಕ್ಕೇ ಈ ಕಾಗದ.

ಹೋದ ವಾರ ಇಲ್ಲೊಂದು ಹಳೇ ಕಾರುಗಳ ಮೇಳಕ್ಕೆ ಹೋಗಿದ್ದೆ. ಒಂದು ಮೋರಿಸ್ ಆಕ್ಸ್‌ಫರ್ಡ್ ಕಂಡು ಅಲ್ಲೇ ನಿಂತುಬಿಟ್ಟೆ. ನಮ್ಮ ಅಂಬಾಸಿಡರ್ ಹುಟ್ಟಿದ್ದೇ ಅದರ ಮೂರನೇ ಸೀರೀಸ್‌ನಿಂದ, ಅಲ್ವಾ? ಅದೇ ಗುಂಡು ಮೂತಿ, ಸ್ಟೀರಿಂಗ್ ಪಕ್ಕದಲ್ಲೇ ಗೇರ್, ಮುಂದೆ ಬೆಂಚಿನಂಥ ಉದ್ದ ಸೀಟು. ಬೇಸಿಗೆಯಲ್ಲಿ ನಮ್ಮ ರೆಕ್ಸಿನ್ ಕಾದು ತೊಡೆ ಚುರ್ ಅನ್ನುತ್ತಿತ್ತು. ಅಮ್ಮ ಟವೆಲ್ ಹಾಸುತ್ತಿದ್ದಳು.

ಮೇಳದ ಆ ಮೋರಿಸ್‌ನ ಸೀಟಿನ ಬೆನ್ನಿಗೆ ಮಗುವಿನ ಕುರ್ಚಿಯೊಂದನ್ನು ನೇತುಹಾಕಿದ್ದರು. ಎರಡು ಕಬ್ಬಿಣದ ಕೊಕ್ಕೆ, ಒಂದಿಷ್ಟು ಬಟ್ಟೆ, ಎದುರಿಗೆ ಆಟದ ಸ್ಟೀರಿಂಗ್. ಅಷ್ಟೇ. ಅದು ಮಗುವನ್ನು ಕಾಪಾಡೋಕೆ ಮಾಡಿದ್ದಲ್ಲ, ಸುಮ್ನೆ ಕಿಟಕಿಯಾಚೆ ನೋಡಿಕೊಂಡು ಕೂರಲಿ ಅಂತ ಮಾಡಿದ್ದು. ಗಾಡಿ ಗುದ್ದಿದರೆ ಕುರ್ಚಿ ಸಮೇತ ಮಗು ಗಾಜಿಗೆ. ನಗುತ್ತಾ ಫೋಟೊ ತೆಗೆದೆ. ಆಮೇಲೆ ನನ್ನ ಗದ್ದದ ಕಲೆ ಮುಟ್ಟಿ ನೋಡಿಕೊಂಡೆ. ಶ್ರೀರಂಗಪಟ್ಟಣದ ಹತ್ತಿರ ಎತ್ತಿನಗಾಡಿ ಅಡ್ಡ ಬಂದು ನೀವು ಬ್ರೇಕ್ ಒತ್ತಿದಾಗ, ನಿಮ್ಮಿಬ್ಬರ ಮಧ್ಯೆ ನಿಂತಿದ್ದ ನಾನು ಡ್ಯಾಶ್‌ಬೋರ್ಡಿಗೆ ಬಡಿದಿದ್ದೆ. ಅಮ್ಮ ಆಗಲೂ ಕೈ ಅಡ್ಡ ಹಿಡಿದೇ ಇದ್ದಳು.

ಅಕ್ಕನ ಸೀಟು ಅದಕ್ಕಿಂತ ಎಷ್ಟೋ ವಾಸಿ. ಆದರೆ ಅದಕ್ಕೂ ವಯಸ್ಸಾಗಿದೆ. ಮಗುಚಿ ತಳ ನೋಡಿ, ತಯಾರಾದ ತಾರೀಖು ಇರುತ್ತದೆ. ಸಾಮಾನ್ಯವಾಗಿ 6ರಿಂದ 10 ವರ್ಷ ಅದರ ಆಯಸ್ಸು. ಅಟ್ಟದ ಕಾವಿಗೆ ಪ್ಲಾಸ್ಟಿಕ್ ಒಳಗೊಳಗೇ ಪೆಡಸಾಗುತ್ತದೆ, ಅಮ್ಮ ಎಷ್ಟು ತೊಳೆದರೂ ಅದು ಸರಿಹೋಗಲ್ಲ. ಜೊತೆಗೆ ಅಂಬಾಸಿಡರ್‌ನ ಹಿಂದಿನ ಸೀಟಿಗೆ ಬೆಲ್ಟೇ ಇಲ್ಲ. ಯಾವುದಕ್ಕೆ ಕಟ್ಟೋದು? ಇಲ್ಲಿ ಬೆಲ್ಟ್ ಇಲ್ಲದ ಹಳೇ ಕಾರಿನಲ್ಲಿ 3 ವರ್ಷದೊಳಗಿನ ಮಗುವನ್ನು ಕರೆದೊಯ್ಯುವಂತೆಯೇ ಇಲ್ಲ. ದೊಡ್ಡ ಮಕ್ಕಳಾದರೂ ಹಿಂದೆಯೇ ಕೂರಬೇಕು. ಪುಟ್ಟಿಗಿನ್ನೂ ಎರಡು.

ನಿಮಗೆ ಬೇಜಾರಾಗುತ್ತೆ, ಗೊತ್ತು. ಶೆಡ್‌ನಲ್ಲೇ ಅವಳನ್ನು ತೊಡೆ ಮೇಲೆ ಕೂರಿಸಿಕೊಂಡು ಬೇಕಾದಷ್ಟು ಹಾರ್ನ್ ಹೊಡೆಸಿ. ನಾನು ಹಿಂದೆ ಕೂತು ಅರಮನೆಗೆ ಬಾಡಿಗೆ ಎಷ್ಟು ಅಂತ ಕೇಳುತ್ತೇನೆ.

ನಮ್ಮ ಸೀಟನ್ನು ಇಲ್ಲಿಂದಲೇ ತರುತ್ತೇವೆ. ಬೆಂಗಳೂರಿಗೆ ಕಳಿಸುವ ಟ್ಯಾಕ್ಸಿಯವರಿಗೆ ಮಾತ್ರ ಒಂದು ಮಾತು ಹೇಳಿಡಿ. ಹಿಂದಿನ ಬೆಲ್ಟಿನ ಬಕಲ್ ಸೀಟ್ ಕವರ್ ಕೆಳಗೆ ಹೂತುಹೋಗಿರುತ್ತದೆ, ಹೊರಗೆ ಎಳೆದಿಟ್ಟಿರಲಿ.

ಇಂತಿ,
ನಿಮ್ಮ ಮಗ