ಸ್ಪಂಜು ಅಂಟಿಸಿದರೆ ಪಕ್ಕದ ಮನೆಯ ಸದ್ದು ನಿಲ್ಲದು

ಮಾನ್ಯ ಸಂಪಾದಕರೇ,

ಬೆಂಗಳೂರು, ಮೈಸೂರಿನಂಥ ನಗರಗಳ ಅಪಾರ್ಟ್‌ಮೆಂಟ್‌ಗಳಲ್ಲಿ ಪಕ್ಕದ ಮನೆಯ ಟಿ.ವಿ., ಮಿಕ್ಸಿ, ಮೃದಂಗದ ಅಭ್ಯಾಸ ಇವುಗಳಿಂದ ಬೇಸತ್ತವರು ಕೋಣೆಯ ಒಳಗೋಡೆಗಳಿಗೆ ‘ಸೌಂಡ್‌ಪ್ರೂಫ್’ ಹೊದಿಕೆ ಹಾಕಿಸಿಕೊಳ್ಳಲು ಮುಂದಾಗುತ್ತಿದ್ದಾರೆ. ಆದರೆ ಆ ಹೆಸರಿನಲ್ಲಿ ಅಂಗಡಿಗಳಲ್ಲೂ ಆನ್‌ಲೈನ್‌ನಲ್ಲೂ ಎದ್ದು ಕಾಣುವಂತೆ ಮಾರಾಟಕ್ಕಿರುವುದು ಉಬ್ಬುತಗ್ಗಿನ ಸ್ಪಂಜಿನ ಹಾಳೆ. ಇದು ಕೋಣೆಯೊಳಗಿನ ಪ್ರತಿಧ್ವನಿಯನ್ನು ಹೀರಿಕೊಳ್ಳುತ್ತದೆಯೇ ಹೊರತು ಗೋಡೆಯಾಚೆಯ ಸದ್ದನ್ನು ತಡೆಯುವುದಿಲ್ಲ. ಧ್ವನಿಮುದ್ರಣ ಮಾಡುವವರಿಗೆ ಇದರಿಂದ ಉಪಯೋಗವುಂಟು. ರಾತ್ರಿ ನಿದ್ದೆ ಬಂದರೆ ಸಾಕೆನ್ನುವವರಿಗೆ ಇದು ದುಡ್ಡು ದಂಡ.

ಗಾಳಿಯ ಮೂಲಕ ಬರುವ ಸದ್ದನ್ನು ತಡೆಯುವುದು ಮುಖ್ಯವಾಗಿ ಗೋಡೆಯ ತೂಕ. ಒಂದೇ ಪದರದ ಗೋಡೆಯ ತೂಕವನ್ನು ಇಮ್ಮಡಿ ಮಾಡಿದರೂ ಸಿಗುವ ಲಾಭ ಸುಮಾರು 5–6 ಡೆಸಿಬೆಲ್ ಎಂದ ಮೇಲೆ, ಗಾಳಿಯಷ್ಟೇ ಹಗುರವಾದ ಸ್ಪಂಜಿನಿಂದ ಏನನ್ನು ನಿರೀಕ್ಷಿಸಬಹುದು? ಈಗ ಬಹುಮಹಡಿ ಕಟ್ಟಡಗಳಲ್ಲಿ ಹೆಚ್ಚಾಗಿ ಬಳಕೆಯಾಗುತ್ತಿರುವ ಎಎಸಿ (ಗಾಳಿಗುಳ್ಳೆಗಳಿರುವ ಹಗುರ ಕಾಂಕ್ರೀಟ್) ಬ್ಲಾಕ್ ಘನಮೀಟರಿಗೆ 550ರಿಂದ 650 ಕೆ.ಜಿ. ತೂಗಿದರೆ, ಸುಟ್ಟ ಇಟ್ಟಿಗೆ ಅದರ ಎರಡೂವರೆ, ಮೂರು ಪಟ್ಟು ತೂಗುತ್ತದೆ. ಕಟ್ಟಡದ ಭಾರ ಇಳಿಸಲು, ಬಿಸಿಲಿನ ಝಳ ತಡೆಯಲು ಎಎಸಿ ಉತ್ತಮ ಎಂಬುದರಲ್ಲಿ ತಕರಾರಿಲ್ಲ. ಎರಡು ಮನೆಗಳ ನಡುವಿನ ಗೋಡೆಯನ್ನೂ ನಾಲ್ಕು ಇಂಚಿನ ಎಎಸಿಯಲ್ಲೇ ಮುಗಿಸುವುದರ ಬಗ್ಗೆ ಮಾತ್ರ ನನ್ನ ಆಕ್ಷೇಪ.

ಕಟ್ಟಿ ಮುಗಿದ ಮನೆಯಲ್ಲಿ ಉಳಿಯುವ ದಾರಿ, ಇರುವ ಗೋಡೆಯ ಮುಂದೆ ಇನ್ನೊಂದು ಗೋಡೆ ನಿಲ್ಲಿಸುವುದು. ಹಳೆಯ ಗೋಡೆಯಿಂದ ಒಂದಿಂಚು ಬಿಟ್ಟು, ಅದಕ್ಕೆ ಎಲ್ಲಿಯೂ ತಾಕದಂತೆ ಲೋಹದ ಚೌಕಟ್ಟನ್ನು ನೆಲಕ್ಕೂ ಮೇಲಿನ ಸ್ಲ್ಯಾಬಿಗೂ ಬಿಗಿದು, ಒಳಗೆ ಕಲ್ಲಿನ ಎಳೆಗಳ ಹಾಸಾದ 50 ಮಿ.ಮೀ. ದಪ್ಪದ ರಾಕ್‌ವೂಲ್ ತುಂಬಿ, ಅದರ ಮೇಲೆ 12.5 ಮಿ.ಮೀ. ಜಿಪ್ಸಮ್ ಬೋರ್ಡನ್ನು ಎರಡು ಪದರವಾಗಿ, ಒಂದರ ಸಂದು ಇನ್ನೊಂದರ ಸಂದಿನ ಮೇಲೆ ಬೀಳದಂತೆ ಹೊಡೆಯಬೇಕು. ಇದಕ್ಕೆ ಕೋಣೆಯ ನಾಲ್ಕಿಂಚು ಜಾಗ ಹೋಗುತ್ತದೆ. ಗೋಡೆಯಲ್ಲಿ ತೇವವಿದ್ದರೆ ಮೊದಲು ಅದನ್ನು ಸರಿಪಡಿಸದೆ ಈ ಕೆಲಸಕ್ಕೆ ಕೈ ಹಾಕಲೇಬಾರದು.

ಕೆಲಸ ಕೆಡುವುದು ಸಾಮಾನ್ಯವಾಗಿ ಅಂಚುಗಳಲ್ಲಿ. ಬೋರ್ಡಿನ ಸುತ್ತ ಉಳಿಯುವ ಸಂದಿಗೆ ಪುಟ್ಟಿ ಮೆತ್ತಿದರೆ ಕೆಲವು ತಿಂಗಳಲ್ಲಿ ಬಿರುಕು ಬಿಡುತ್ತದೆ. ಗಟ್ಟಿಯಾಗದ ಸೀಲೆಂಟ್ ತುಂಬಬೇಕು. ಫಾಲ್ಸ್ ಸೀಲಿಂಗ್‌ವರೆಗೆ ಮಾತ್ರ ಹೊಸ ಗೋಡೆ ಏರಿಸಿ ಅದರ ಮೇಲಿನ ಟೊಳ್ಳನ್ನು ಹಾಗೆಯೇ ಬಿಟ್ಟರೆ ಸದ್ದು ಅಲ್ಲಿಂದಲೇ ದಾಟುತ್ತದೆ. ಎರಡು ಮನೆಗಳ ಸ್ವಿಚ್ ಬಾಕ್ಸ್‌ಗಳು ಬೆನ್ನಿಗೆ ಬೆನ್ನು ಕೊಟ್ಟು ಕೂತಿರುವ ಕಡೆ ಗೋಡೆ ಎಂಬುದು ಹೆಸರಿಗಷ್ಟೇ ಇರುತ್ತದೆ. ಗೋಡೆಯ ವಿಸ್ತೀರ್ಣದಲ್ಲಿ ನೂರರಲ್ಲೊಂದು ಪಾಲು ತೆರೆದಿದ್ದರೂ ಸಾಕು, ಉಳಿದದ್ದು ಎಷ್ಟೇ ಗಟ್ಟಿಯಿರಲಿ, ಒಟ್ಟು ತಡೆ 20 ಡೆಸಿಬೆಲ್ ದಾಟುವುದಿಲ್ಲ. ಬಾಗಿಲಿನ ಕೆಳಗಿನ ಸಂದಿಯೂ ಇದೇ ಲೆಕ್ಕಕ್ಕೆ ಸೇರುತ್ತದೆ. ಹಳೆಯ ಮನೆಗಳ ಹೊಸ್ತಿಲುಗಳು ಶಾಸ್ತ್ರಕ್ಕಷ್ಟೇ ಅಲ್ಲ, ಇದಕ್ಕೂ ಒದಗುತ್ತಿದ್ದವು. ಮೇಲಿನ ಮನೆಯವರು ಕುರ್ಚಿ ಎಳೆಯುವ, ಗ್ರೈಂಡರ್ ತಿರುಗಿಸುವ ಸದ್ದು ಮಾತ್ರ ಕಟ್ಟಡದ ಕಾಂಕ್ರೀಟಿನ ಮೂಲಕವೇ ಇಳಿದು ಬರುವುದರಿಂದ, ಅದಕ್ಕೆ ಅವರ ಮನೆಯಲ್ಲೇ ರಬ್ಬರ್ ಕಾಲು ಹಾಕಿಸಬೇಕಲ್ಲದೆ ನಮ್ಮ ಗೋಡೆಗೆ ಏನು ಹೊದಿಸಿಯೂ ಪ್ರಯೋಜನವಿಲ್ಲ.

ಇದಕ್ಕಿಂತ ಗಂಭೀರವಾದುದು ಬೆಂಕಿಯ ಅಪಾಯ. 2003ರಲ್ಲಿ ಅಮೆರಿಕದ ರೋಡ್ ಐಲೆಂಡ್‌ನ ನೈಟ್‌ಕ್ಲಬ್ ಒಂದರಲ್ಲಿ 100 ಮಂದಿ, 2013ರಲ್ಲಿ ಬ್ರೆಜಿಲ್‌ನ ಸಾಂಟಾ ಮರಿಯಾದ ನೈಟ್‌ಕ್ಲಬ್‌ನಲ್ಲಿ 242 ಮಂದಿ ಸತ್ತದ್ದು ಸದ್ದಿಗೆಂದು ಹಾಕಿದ್ದ ಸ್ಪಂಜಿಗೆ ಬಾಣಬಿರುಸಿನ ಕಿಡಿ ತಗುಲಿ. ಅಂಥ ಸ್ಪಂಜು ಉರಿದಾಗ ಹೊಮ್ಮುವ ವಿಷದ ಹೊಗೆ ಬೆಂಕಿಗಿಂತ ಮೊದಲೇ ಜೀವ ತೆಗೆಯುತ್ತದೆ. ಕಲ್ಲಿನಿಂದ ತಯಾರಾಗುವ ರಾಕ್‌ವೂಲ್ ಉರಿಯುವುದಿಲ್ಲ. ಆದರೂ ಮಕ್ಕಳು ಓದುವ ಕೋಣೆಗೆ ಬೆಲೆ ಕಡಿಮೆಯೆಂದು ಸ್ಪಂಜನ್ನೇ ಹೊದಿಸುತ್ತಿದ್ದೇವೆ.

ಕೊಳ್ಳುವವರು ಒಂದು ಪ್ರಶ್ನೆ ಕೇಳಲಿ: ಇದು ಸದ್ದನ್ನು ಹೀರಿಕೊಳ್ಳುವುದೋ, ತಡೆಯುವುದೋ? ಮಾರುವವರು 0.7, 0.8 ಎಂಬಂಥ ಅಂಕಿ ತೋರಿಸಿದರೆ ಅದು ಹೀರಿಕೊಳ್ಳುವ ಗುಣದ ಎನ್‌ಆರ್‌ಸಿ. ಸದ್ದು ತಡೆಯುವ ಗುಣವನ್ನು ಹೇಳುವುದು 40, 50 ಎಂದು ಬರುವ ಎಸ್‌ಟಿಸಿ, ಅದೂ ಇಡೀ ಗೋಡೆಗೆ ಅನ್ವಯಿಸುವ ಅಂಕಿಯೇ ಹೊರತು ಬಿಡಿ ಹಾಳೆಯದಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆ–2016ರಲ್ಲಿ ಧ್ವನಿ ನಿರೋಧಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಹೀಗಿರುವಾಗ, ನಲ್ಲಿಯ ಬ್ರ್ಯಾಂಡನ್ನೂ ಟೈಲ್ಸಿನ ಅಳತೆಯನ್ನೂ ಅಚ್ಚು ಮಾಡುವ ಬಿಲ್ಡರ್‌ಗಳು ಎರಡು ಮನೆಗಳ ನಡುವಿನ ಗೋಡೆ ಯಾವುದರದು, ಎಷ್ಟು ದಪ್ಪ, ಅದರ ಎಸ್‌ಟಿಸಿ ಎಷ್ಟು ಎಂಬುದನ್ನೂ ಮಾರಾಟದ ಕರಾರಿನಲ್ಲಿ ನಮೂದಿಸುವಂತೆ ಕರ್ನಾಟಕ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಸೂಚಿಸಬೇಕೆಂದು ವಿನಂತಿಸುತ್ತೇನೆ.

ಇಂತಿ,
ನಿವೃತ್ತ ಸಿವಿಲ್ ಎಂಜಿನಿಯರ್
ಮೈಸೂರು